ಟೊಮೆಟೊ ಕಾಯಿ ಗರಿಗರಿ ಆಗಬೇಕಾದರೆ ನೀರು ಎಲ್ಲಿಗೆ ಹೋಗಬೇಕು?

ಆಷಾಢದ ಮಳೆ ಹಿಡಿಯಿತು ಅಂದರೆ ತೀರ್ಥಹಳ್ಳಿ ಕಡೆಯ ನಮ್ಮ ಹಿತ್ತಲಲ್ಲಿ ಟೊಮೆಟೊ ಗಿಡದ ಕಥೆ ಮುಗಿದ ಹಾಗೆ. ಗಿಡದ ತುಂಬ ಕಾಯಿ, ಒಂದೂ ಕೆಂಪಾಗುವ ಲಕ್ಷಣವಿಲ್ಲ. ನಾಳೆ ಬಿಸಿಲು ಬರಬಹುದು ಅಂತ ಕಾದರೆ ಎಲೆ ಮೇಲೆ ಕಂದು ಮಚ್ಚೆ ಬೀಳುತ್ತದೆ. ಆಮೇಲೆ ಕಾಂಡಕ್ಕೆ, ಆಮೇಲೆ ಕಾಯಿಗೆ. ನಾಲ್ಕಾರು ದಿನದಲ್ಲಿ ಇಡೀ ಗಿಡ ಬಿಸಿನೀರು ಹೊಯ್ದ ಹಾಗೆ ಬಾಡಿ ಬೀಳುತ್ತದೆ. ಇದು ಅಂಗಮಾರಿ. ಅಡಿಕೆಗೆ ಕೊಳೆ ತರುವ ಜೀವಿಯೂ ಇದನ್ನು ತರುವ ಜೀವಿಯೂ ಒಂದೇ ಕುಲದವು, ಫೈಟಾಫ್ತೊರಾ ಅಂತ ಹೆಸರು. ಅಡಿಕೆಗೆ ಬೋರ್ಡೋ, ಅಂದರೆ ಮೈಲುತುತ್ತ ಸುಣ್ಣ ಕಲಸಿದ ನೀರು, ಹೊಡೆಯುವ ಹೊತ್ತಿಗೇ ಹಿತ್ತಲ ಟೊಮೆಟೊ ಸಾಯಲು ತಯಾರಾಗುವುದು ಅದಕ್ಕೇ. ಮಚ್ಚೆ ಬರುವ ಮೊದಲೇ ಕಾಯಿ ಕಿತ್ತುಕೊಳ್ಳುವುದು ಜಾಣತನ.

ಕಿತ್ತ ಕಾಯಿಯಲ್ಲಿ ಏನು ಮಾಡುವುದು? ಚಟ್ನಿ ಆಯಿತು, ಗೊಜ್ಜು ಆಯಿತು, ಪಲ್ಯವೂ ಆಯಿತು. ಅಮೆರಿಕದವರು ಇದನ್ನು ಹೋಳು ಮಾಡಿ ಗರಿಗರಿಯಾಗಿ ಕರಿದು ತಿನ್ನುತ್ತಾರಂತೆ ಅಂತ ಒಂದು ಸಂಜೆ ನಾನೂ ಬಾಣಲೆ ಇಟ್ಟೆ. ಹೋಳುಗಳನ್ನು ಬಜ್ಜಿ ಹಿಟ್ಟಿಗೆ ಅದ್ದಿ ಎಣ್ಣೆಗೆ ಬಿಟ್ಟೆ. ಉಬ್ಬಿ ಬಂದವು, ನೋಡಲು ಚಂದವೇ ಇದ್ದವು. ತಟ್ಟೆಗೆ ಹಾಕಿ ಐದು ನಿಮಿಷ ಆಗಿರಲಿಲ್ಲ, ಕಡಲೆಹಿಟ್ಟಿನ ಕವಚ ಒಂದು ಕಡೆ, ಕಾಯಿ ಒಂದು ಕಡೆ. ಜಡಿಮಳೆಯಲ್ಲಿ ಗದ್ದೆಯಿಂದ ಬಂದವರು ಕಂಬಳಿಕೊಪ್ಪೆ ಜಾರಿಸಿ ಜಗುಲಿ ಮೂಲೆಗೆ ಎಸೆದ ಹಾಗೆ. ದೊಡ್ಡಮ್ಮ ಒಂದು ಹೋಳು ಎತ್ತಿ ಹಿಡಿದರು. ತುದಿಯಿಂದ ನೀರು ತೊಟ್ಟಿಕ್ಕಿತು.

‘ಎಂತ ಮಾರಾಯ ಇದು, ಬಜ್ಜಿಯೋ ಸಾರೋ?’

ಪ್ರಶ್ನೆ ಸರಿಯಾಗಿಯೇ ಇತ್ತು. 100 ಗ್ರಾಂ ಟೊಮೆಟೊ ಕಾಯಿಯಲ್ಲಿ ಸುಮಾರು 93 ಗ್ರಾಂ ನೀರು. ನಾವು ಕರಿಯಲು ಹೊರಟಿರುವುದು ಹೆಚ್ಚುಕಡಿಮೆ ನೀರನ್ನೇ. ಗರಿಗರಿ ಅನ್ನುವುದೋ, ನೀರಿಲ್ಲದ ಕಡೆ ಮಾತ್ರ ಇರುವ ಗುಣ. ಹಪ್ಪಳ ಮುರಿದರೆ ಪಟ್ ಅನ್ನುತ್ತದೆ, ಅದೇ ಹಪ್ಪಳ ಮಳೆಗಾಲದಲ್ಲಿ ಅರ್ಧ ಗಂಟೆ ಹೊರಗಿಟ್ಟರೆ ಬಾಗುತ್ತದೆ. ಹಾಗಾಗಿ ಇಲ್ಲಿ ಮೇಲಿನ ತೆಳು ಪದರದಿಂದ ನೀರು ಪೂರ್ತಿ ಓಡಿಸಬೇಕು, ಒಳಗಿನ ನೀರು ಒಳಗೇ ಇರಬೇಕು, ಓಡಿಸಿದ್ದು ವಾಪಸ್ ಬರಬಾರದು. ನಾನು ಮೂರನ್ನೂ ಕೆಡಿಸಿದ್ದೆ. ಮುಂದೆ ಹೇಳುವುದೆಲ್ಲ ಇದರದ್ದೇ ವಿವರ.

ಮೊದಲು ಕಾಯಿ. ಇಂಗ್ಲಿಷಿನವರು ‘ಹಸಿರು ಟೊಮೆಟೊ’ ಅಂದುಬಿಡುತ್ತಾರೆ. ನಮಗೆ ಹೀಚು, ಮಿಡಿ, ಎಳೆಗಾಯಿ, ಬಲಿತ ಕಾಯಿ, ದೋರೆಗಾಯಿ, ಹಣ್ಣು ಅಂತ ಮೆಟ್ಟಿಲು ಮೆಟ್ಟಿಲಾಗಿ ಇದೆ. ಈ ಅಡುಗೆಯಲ್ಲಿ ಆ ಮೆಟ್ಟಿಲೇ ಮುಖ್ಯ. ನಮಗೆ ಬೇಕಿರುವುದು ಬಲಿತ ಕಾಯಿ: ಗಾತ್ರ ಪೂರ್ತಿ ಬಂದಿರಬೇಕು, ಬಣ್ಣ ಮಾತ್ರ ತಿರುಗಿರಬಾರದು. ಹೊರಗಿನಿಂದ ನೋಡಿದರೆ ಎಳೆಗಾಯಿಗೂ ಇದಕ್ಕೂ ವ್ಯತ್ಯಾಸ ಹೇಳುವುದು ಕಷ್ಟ. ಅದಕ್ಕೆ ಒಂದು ಕಾಯಿಯನ್ನು ಅಡ್ಡಕ್ಕೆ ಕೊಯ್ದು ನೋಡಿ. ಎಳೆಗಾಯಿಯಾದರೆ ಬೀಜದ ಸುತ್ತ ಗಟ್ಟಿಯಾಗಿರುತ್ತದೆ, ಬಿಳಿ ಬೀಜಗಳನ್ನು ಚಾಕು ಎರಡಾಗಿ ಸೀಳಿಕೊಂಡೇ ಹೋಗುತ್ತದೆ. ಬಲಿತ ಕಾಯಿಯಲ್ಲಿ ಬೀಜದ ಸುತ್ತ ಹಸಿರು ಲೋಳೆ ಕಟ್ಟಿರುತ್ತದೆ. ಚಾಕು ಬಂದಾಗ ಬೀಜ ಪಕ್ಕಕ್ಕೆ ಜಾರಿಕೊಳ್ಳುತ್ತದೆ, ತುಂಡಾಗುವುದಿಲ್ಲ. ನಾನು ಇದನ್ನು ಮೊದಲ ಸಲ ನೋಡಿದ ದಿನ ಸುಮ್ನೆ ನಾಲ್ಕು ಕಾಯಿ ಜಾಸ್ತಿ ಕೊಯ್ದೆ, ಬೀಜ ತಪ್ಪಿಸಿಕೊಳ್ಳುವುದನ್ನು ನೋಡಲಿಕ್ಕೆ.

ಇದಕ್ಕೆ ಹಣ್ಣು ಯಾಕೆ ಬೇಡ? ಗಿಡದ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವ ಗಾರೆಗೆ ಪೆಕ್ಟಿನ್ ಅಂತ ಹೆಸರು. ಕಾಯಲ್ಲಿ ಅದು ಗಟ್ಟಿ. ಹಣ್ಣಾಗುವಾಗ ಕಾಯಿಯೇ ತಯಾರಿಸುವ ಕಿಣ್ವಗಳು ಆ ಗಾರೆಯನ್ನು ಕರಗಿಸುತ್ತಾ ಹೋಗುತ್ತವೆ, ಕಾಯಿ ಮೆತ್ತಗಾಗುತ್ತದೆ. ಮೆತ್ತಗಾದ ಹಣ್ಣನ್ನು ಕಾದ ಎಣ್ಣೆಗೆ ಹಾಕಿದರೆ ಗೋಡೆ ಕುಸಿದು ರಸ ಹೊರಗೆ ನುಗ್ಗುತ್ತದೆ. ಕಾಯಿಯಾದರೆ ಬೆಂದೂ ಹೋಳಿನ ಆಕಾರ ಬಿಡುವುದಿಲ್ಲ.

ಹುಳಿಯೂ ಇಲ್ಲಿ ಒಂದು ಕೆಲಸ ಮಾಡುತ್ತದೆ. ಹುಳಿ ಮೊದಲೇ ಹಾಕಿದರೆ ತರಕಾರಿ ಬೇಯುವುದಿಲ್ಲ ಅಂತ ಮನೆಯಲ್ಲಿ ಬೈಸಿಕೊಂಡವರಿಗೆ ಇದು ಗೊತ್ತಿರುತ್ತದೆ. ಹುಳಿ ಇದ್ದಲ್ಲಿ ಪೆಕ್ಟಿನ್ ಬೇಗ ಕರಗುವುದಿಲ್ಲ. ಸಾಂಬಾರಿಗೆ ತೊಂದರೆ ಕೊಡುವ ಅದೇ ಗುಣ ಬಾಣಲೆಯಲ್ಲಿ ನಮ್ಮ ಪರ. ಟೊಮೆಟೊ ಕಾಯಿ ತನ್ನ ಹುಳಿಯಿಂದಲೇ ತಾನು ಗಟ್ಟಿಯಾಗಿ ನಿಲ್ಲುತ್ತದೆ.

ಕಾಯಲ್ಲಿ ವಿಷ ಇದೆಯಂತಲ್ಲ ಅಂತ ಕೇಳುವವರು ಇದ್ದೇ ಇರುತ್ತಾರೆ. ಟೊಮೆಟೊ ಗಿಡದಲ್ಲಿ ಟೊಮ್ಯಾಟಿನ್ ಅನ್ನುವ ಕಹಿ ವಸ್ತು ಇರುವುದು ನಿಜ. ಎಲೆ, ಕಾಂಡದಲ್ಲಿ ಜಾಸ್ತಿ, ಎಳೆಗಾಯಲ್ಲಿ ಸ್ವಲ್ಪ ಜಾಸ್ತಿ, ಬಲಿಯುತ್ತಾ ಕಡಿಮೆ, ಹಣ್ಣಲ್ಲಿ ನಾಮಕಾವಸ್ತೆ. ಬಲಿತ ಕಾಯಿಯ ನಾಲ್ಕು ಹೋಳು ತಿಂದರೆ ಏನೂ ಆಗುವುದಿಲ್ಲ. ಚಟ್ನಿ ರೂಪದಲ್ಲಿ ಎಷ್ಟೋ ಕಾಲದಿಂದ ತಿಂದೇ ಇದ್ದೇವೆ ಅಲ್ವಾ? ನಾಲಿಗೆಗೆ ಕಹಿ ಹತ್ತಿದರೆ ಅದು ತೀರಾ ಎಳೆಯದು, ಬಿಟ್ಟುಬಿಡಿ. ಅದಕ್ಕಿಂತ ನಾನು ಹೆದರುವುದು ಮೈಲುತುತ್ತಕ್ಕೆ. ಅಡಿಕೆ ಮರದ ಬುಡದಲ್ಲೇ ಟೊಮೆಟೊ ಇದ್ದರೆ ಬೋರ್ಡೋ ಹೊಡೆದಾಗ ಕಾಯಿ ಮೇಲೆ ನೀಲಿ ಕಲೆ ಬಿದ್ದಿರುತ್ತದೆ. ಅಂಥ ಕಾಯಿಯನ್ನು ನಾನು ಅಡುಗೆಮನೆ ಒಳಗೇ ತರುವುದಿಲ್ಲ.

ಕೊಯ್ಯುವುದು ಅಡ್ಡಕ್ಕೆ, ದೋಸೆಯಷ್ಟು ತೆಳುವಲ್ಲ, ಬಾಳೆಕಾಯಿ ಪೋಡಿಯಷ್ಟು ತೆಳುವೂ ಅಲ್ಲ. ಆರರಿಂದ ಎಂಟು ಮಿಲಿಮೀಟರ್, ಅಂದರೆ ಕಿರುಬೆರಳಿನ ದಪ್ಪದ ಅರ್ಧಕ್ಕಿಂತ ಚೂರು ಹೆಚ್ಚು. ತೆಳುವಾದರೆ ಒಳಗೆ ತಿನ್ನಲು ಏನೂ ಉಳಿಯುವುದಿಲ್ಲ. ದಪ್ಪವಾದರೆ ಒಳಗೆ ಬೇಯುವಷ್ಟರಲ್ಲಿ ಹೊರಗೆ ಕರಟುತ್ತದೆ. ಸಿಪ್ಪೆ ತೆಗೆಯಬೇಡಿ, ಹೋಳನ್ನು ಹಿಡಿದಿಡುವ ಬಳೆ ಅದು.

ಈಗ ಉಪ್ಪು. ಅರ್ಧ ಕಿಲೋ ಕಾಯಿಗೆ ಮುಕ್ಕಾಲು ಟೀ ಚಮಚ ಉಪ್ಪು ಎರಡೂ ಕಡೆ ಉದುರಿಸಿ ಅರ್ಧ ಗಂಟೆ ಬಿಡಿ. ಹಾಗಲಕಾಯಿಗೆ ಮಾಡುವ ಕೆಲಸವೇ, ಅಲ್ಲಿ ಕಹಿಗೆ, ಇಲ್ಲಿ ನೀರಿಗೆ. ಹೊರಗಿನ ಉಪ್ಪು ಒಳಗಿನ ನೀರನ್ನು ಎಳೆಯುತ್ತದೆ. ಐದು ನಿಮಿಷಕ್ಕೆ ಹೋಳಿನ ಮೈ ಬೆವರುತ್ತದೆ, ಹದಿನೈದು ನಿಮಿಷಕ್ಕೆ ಹನಿಗಳು ಒಂದಕ್ಕೊಂದು ಸೇರಿ ಹರಿಯುತ್ತವೆ. ಕೊನೆಗೆ ತಟ್ಟೆಯಲ್ಲಿ ನಿಲ್ಲುವುದು ಒಂದೆರಡು ದೊಡ್ಡ ಚಮಚ ನೀರು ಅಷ್ಟೇ. ಇಷ್ಟಕ್ಕೆ ಇಷ್ಟು ಗಲಾಟೆಯೇ ಅನ್ನಿಸಬಹುದು. ಆದರೆ ಹೊರಬಂದ ನೀರು ಎಲ್ಲಿಯದು ನೋಡಿ: ಕೊಯ್ದ ಮೈಯ ಹತ್ತಿರದ್ದು, ಹಿಟ್ಟು ಅಂಟಬೇಕಾದ ಜಾಗದ್ದು. ನನ್ನ ಬಜ್ಜಿಯ ಕೊಪ್ಪೆ ಜಾರಿದ್ದು ಆ ನೀರಿನಿಂದಲೇ. ಎಣ್ಣೆಗೆ ಬಿದ್ದ ಕೂಡಲೇ ಕಾಯಿಗೂ ಹಿಟ್ಟಿಗೂ ನಡುವೆ ಅದು ಹಬೆಯಾಯಿತು, ಹಿಟ್ಟನ್ನು ದೂರ ತಳ್ಳಿತು. ಚಂದ ಉಬ್ಬಿದೆ ಅಂತ ನಾನು ಖುಷಿಪಟ್ಟದ್ದು ನಿಜವಾಗಿ ಎರಡೂ ಬೇರೆಯಾಗುತ್ತಿದ್ದದ್ದು.

ನೀರು ಬಂದ ಮೇಲೆ ಒರೆಸಬೇಕು. ಸುಮ್ನೆ ಮುಟ್ಟಿ ಬಿಡುವುದಲ್ಲ. ಹಳೆ ಪಂಚೆ ತುಂಡಿನ ಮೇಲೆ ಹೋಳು ಹರವಿ, ಮೇಲೊಂದು ಮಡಿಕೆ ಹಾಕಿ ಅಂಗೈಯಿಂದ ಒತ್ತಿ. ಮಳೆಗಾಲದಲ್ಲಿ ಬಟ್ಟೆಯೇ ಹಸಿಯಾಗಿರುತ್ತದೆ ಅನ್ನುವುದು ನಮ್ಮ ಊರಿನ ಕಷ್ಟ. ಒಲೆಯ ಪಕ್ಕ ಹಿಡಿದು ಬೆಚ್ಚಗೆ ಮಾಡಿಕೊಳ್ಳಿ.

ಈ ತಿಂಡಿಯ ಮೂಲದ ಬಗ್ಗೆ ಒಂದು ಮಾತು. ಇದು ಅಮೆರಿಕದ ದಕ್ಷಿಣ ರಾಜ್ಯಗಳ ಸಾಂಪ್ರದಾಯಿಕ ತಿಂಡಿ ಅಂತ ಲೋಕವೆಲ್ಲ ನಂಬಿದೆ. ಆ ಹೆಸರು ಗಟ್ಟಿಯಾದದ್ದು 1991ರಲ್ಲಿ ಒಂದು ಹಾಲಿವುಡ್ ಸಿನಿಮಾ ಬಂದ ಮೇಲೆ. ಹಳೆಯ ಅಡುಗೆ ಪುಸ್ತಕ, ಪತ್ರಿಕೆಗಳನ್ನು ನೋಡಿದರೆ 19ನೇ ಶತಮಾನದ ಕೊನೆಯ ಹೊತ್ತಿಗೆ ಇದು ಓಹಾಯೊದಂಥ ಉತ್ತರದ ರಾಜ್ಯಗಳಲ್ಲಿ ಸಿಗುತ್ತದೆ. ಕಾರಣ ಊಹಿಸುವುದು ಕಷ್ಟವಲ್ಲ. ಅಲ್ಲಿ ಚಳಿಗಾಲದ ಮೊದಲ ಹಿಮ ಬಿದ್ದರೆ ಗಿಡ ಸಾಯುತ್ತದೆ, ಗಿಡದಲ್ಲಿ ಕಾಯಿ ಉಳಿದಿರುತ್ತದೆ. ಅವರಿಗೆ ಹಿಮ, ನಮಗೆ ಮಳೆ.

ಅವರ ಕ್ರಮದಲ್ಲಿ ಹೋಳನ್ನು ಮೈದಾದಲ್ಲಿ ಹೊರಳಿಸಿ, ಮೊಟ್ಟೆಗೋ ಮಜ್ಜಿಗೆಗೋ ಅದ್ದಿ, ಮೆಕ್ಕೆಜೋಳದ ತರಿಯಲ್ಲಿ ಒತ್ತಿ ಬೀಡಿನ ಬಾಣಲೆಯಲ್ಲಿ ಕರಿಯುತ್ತಾರೆ. ಒಣ ಹಿಟ್ಟು, ಅಂಟು, ತರಿ. ಈ ಸಾಲು ಯಾಕೆ ಅಂತ ತಿಳಿದರೆ ಸಾಮಾನು ನಮ್ಮದೇ ಹಾಕಬಹುದು.

ಒಣ ಹಿಟ್ಟು ಒರೆಸಿದ ಮೇಲೂ ಉಳಿದ ಪಸೆಯನ್ನು ಕುಡಿಯುತ್ತದೆ, ಜಾರುವ ಮೈಯನ್ನು ದೊರಗು ಮಾಡುತ್ತದೆ. ನಾನು ಹಾಕುವುದು ಅಕ್ಕಿಹಿಟ್ಟು. ಮೈದಾದಲ್ಲಿ ಗ್ಲುಟೆನ್ ಇದೆ, ನೀರು ಸೇರಿದರೆ ಅದು ನಾರಿನ ಹಾಗೆ ಹಬ್ಬಿ ಜಗಿಯುವ ಗುಣ ಕೊಡುತ್ತದೆ. ಅಕ್ಕಿಯಲ್ಲಿ ಅದಿಲ್ಲ. ನಮ್ಮ ಚಕ್ಕುಲಿ, ಕೋಡುಬಳೆ ಪಟಪಟ ಮುರಿಯುವುದು ಅದಕ್ಕೇ. ಅಕ್ಕಿಹಿಟ್ಟು ಎಣ್ಣೆಯನ್ನೂ ಕಡಿಮೆ ಕುಡಿಯುತ್ತದೆ. ಹಿಟ್ಟಿನಲ್ಲಿ ಹೊರಳಿಸಿ ಜಾಸ್ತಿಯಾದದ್ದನ್ನು ಕೊಡವಿ.

ಅಂಟಿಗೆ ಅರ್ಧ ಲೋಟ ಹುಳಿ ಮಜ್ಜಿಗೆ. ಅದಕ್ಕೆ ಮೂರು ದೊಡ್ಡ ಚಮಚ ಅಕ್ಕಿಹಿಟ್ಟು, ಒಂದು ದೊಡ್ಡ ಚಮಚ ಕಡಲೆಹಿಟ್ಟು, ಮೆಣಸಿನ ಪುಡಿ, ಅರಿಸಿನ, ಇಂಗು. ಬರೀ ಅಕ್ಕಿಹಿಟ್ಟಾದರೆ ತಳಕ್ಕೆ ಕೂರುತ್ತದೆ, ಅಂಟುವುದೂ ಇಲ್ಲ. ಕಡಲೆಹಿಟ್ಟಿನ ಒಂದು ಚಮಚ ಆ ಕೆಲಸಕ್ಕೆ ಸಾಕು. ನೀರುದೋಸೆ ಹಿಟ್ಟಿಗಿಂತ ಸ್ವಲ್ಪ ಗಟ್ಟಿ ಇರಲಿ, ಬಜ್ಜಿ ಹಿಟ್ಟಿನಷ್ಟು ಗಟ್ಟಿ ಬೇಡ. ಹಿಟ್ಟು ದಪ್ಪಗೆ ಮೆತ್ತಿಕೊಂಡರೆ ಆ ಕವಚದಲ್ಲೇ ಜಾಸ್ತಿ ನೀರು, ಆ ನೀರನ್ನೂ ಎಣ್ಣೆಯೇ ಓಡಿಸಬೇಕು. ಮೊಟ್ಟೆ ಹಾಕುವವರು ಹಾಕಬಹುದು. ನನಗೆ ಮಜ್ಜಿಗೆಯ ಹುಳಿಯೇ ಇಷ್ಟ.

ಕೊನೆಯ ತರಿಗೆ ಚಿರೋಟಿ ರವೆ. ಮೀನು ತಿನ್ನುವ ಮನೆಗಳಲ್ಲಿ ಬಂಗುಡೆ ರವೆ ಫ್ರೈ ಮಾಡುವವರಿಗೆ ಇದರಲ್ಲಿ ಹೊಸದೇನೂ ಇಲ್ಲ. ಬದನೆಕಾಯಿಗೂ ಇದನ್ನೇ ಮಾಡುತ್ತೇವೆ. ಒಂದು ಲೋಟ ರವೆಗೆ ಎರಡು ಚಮಚ ಅಕ್ಕಿಹಿಟ್ಟು ಸೇರಿಸಿ. ರವೆಯ ಒಂದೊಂದು ಕಾಳೂ ಬೇರೆ ಬೇರೆಯಾಗಿ ಹುರಿದು ಗಟ್ಟಿಯಾಗುತ್ತದೆ, ನಡುವಿನ ಸಂದಿಯಿಂದ ಹಬೆ ಹೊರಗೆ ಹೋಗುತ್ತದೆ. ನಯವಾದ ಹಿಟ್ಟಿನ ಕವಚಕ್ಕೆ ಈ ಸಂದಿಗಳಿಲ್ಲ. ಉಪ್ಪಿಟ್ಟಿನ ದಪ್ಪ ರವೆ ಬೇಡ, ಹಲ್ಲಿಗೆ ಕಲ್ಲಿನ ಹಾಗೆ ಸಿಗುತ್ತದೆ. ರವೆಗೆ ಉಪ್ಪನ್ನೂ ಹಾಕಬೇಡಿ. ಕಾಯಲ್ಲಿ ಆಗಲೇ ಇದೆ. ಹೊರಗೂ ಹಾಕಿದರೆ ಅದು ಮತ್ತೆ ಒಳಗಿನ ನೀರನ್ನು ಎಳೆಯುತ್ತಾ ಕೂರುತ್ತದೆ.

ಮೆಕ್ಕೆಜೋಳದ್ದೇ ಬೇಕು ಅನ್ನುವವರಿಗೆ ಶಿವಮೊಗ್ಗ ಜಿಲ್ಲೆಯಲ್ಲಿ ಬರವಿಲ್ಲ. ಶಿಕಾರಿಪುರದ ಕಡೆ ಹೋದರೆ ಹೊಲಕ್ಕೆ ಹೊಲವೇ ಮೆಕ್ಕೆಜೋಳ. ಹೆಚ್ಚಿನದು ಕೋಳಿ ಆಹಾರಕ್ಕೆ ಹೋಗುತ್ತದೆ. ಒಣ ಕಾಳನ್ನು ಗಿರಣಿಯಲ್ಲಿ ರವೆಯ ಹದಕ್ಕೆ ಒಡೆಸಿಕೊಳ್ಳಿ. ಅಂಗಡಿಗೆ ಹೋಗಿ ಕಾರ್ನ್‌ಫ್ಲೋರ್ ತಂದರೆ ಮಾತ್ರ ಮೋಸಹೋದಿರಿ. ನಮ್ಮಲ್ಲಿ ಆ ಹೆಸರಲ್ಲಿ ಸಿಗುವ ಬಿಳಿ ಪುಡಿ ಜೋಳದ ಪಿಷ್ಟ ಮಾತ್ರ, ಗೋಬಿ ಮಂಚೂರಿಗೆ ಹಾಕುತ್ತಾರಲ್ಲ ಅದು. ಅಮೆರಿಕದವರು ಹೇಳುವುದು ಹಳದಿ ತರಿ.

ರವೆ ಒತ್ತಿದ ಹೋಳುಗಳನ್ನು ಒಂದರ ಮೇಲೊಂದು ಪೇರಿಸದೆ ಹತ್ತು ನಿಮಿಷ ಬಿಡಿ. ಅಷ್ಟರಲ್ಲಿ ರವೆ ಮಜ್ಜಿಗೆಯ ಪಸೆ ಕುಡಿದು ಕಚ್ಚಿಕೊಳ್ಳುತ್ತದೆ.

ಇನ್ನು ಎಣ್ಣೆ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ, ಯಾಕೆಂದರೆ ಬಹಳ ಜನ ತಪ್ಪು ತಿಳಿದಿರುವುದು ಇಲ್ಲೇ. ಎಣ್ಣೆಯಲ್ಲಿ ಜಾಸ್ತಿ ಹೊತ್ತು ಇದ್ದರೆ ಎಣ್ಣೆ ಕುಡಿಯುತ್ತದೆ ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ಹೋಳು ಬಿಟ್ಟ ಕೂಡಲೇ ಸುತ್ತ ಗುಳ್ಳೆ ಏಳುತ್ತದಲ್ಲ, ಅದು ಎಣ್ಣೆ ಕುದಿಯುವುದಲ್ಲ. ಹಿಟ್ಟಿನಲ್ಲಿದ್ದ ನೀರು ಹಬೆಯಾಗಿ ಹೊರಗೆ ನುಗ್ಗುವುದು. ಹಬೆ ಹೊರಗೆ ತಳ್ಳುತ್ತಿರುವಷ್ಟು ಹೊತ್ತು ಎಣ್ಣೆಗೆ ಒಳಗೆ ಬರಲು ದಾರಿ ಸಿಗುವುದು ಕಷ್ಟ. ಎಣ್ಣೆ ಜಾಸ್ತಿ ಒಳಗೆ ಹೋಗುವುದು ಹೋಳನ್ನು ಹೊರಗೆ ತೆಗೆದ ಮೇಲೆ. ತಣ್ಣಗಾಗುತ್ತಾ ಒಳಗಿನ ಹಬೆ ಮತ್ತೆ ನೀರಾಗುತ್ತದೆ, ಅದಿದ್ದ ಸಂದಿಗಳು ಖಾಲಿಯಾಗುತ್ತವೆ, ಮೈಗೆ ಅಂಟಿದ್ದ ಎಣ್ಣೆಯನ್ನು ಒಳಗೆ ಹೀರಿಕೊಳ್ಳುತ್ತವೆ. ಅಂದರೆ ಎಣ್ಣೆ ಬಸಿಯುವ ಕೆಲಸ ತೆಗೆದ ಮೊದಲ ಅರ್ಧ ನಿಮಿಷದಲ್ಲೇ ಆಗಬೇಕು. ತೂತಿನ ಸೌಟಿನಲ್ಲಿ ಎತ್ತಿ, ಬಾಣಲೆಯ ಅಂಚಿಗೆ ಹೋಳನ್ನು ನಿಲ್ಲಿಸಿ ಎರಡು ಸಲ ಕೊಡವಿದರೆ ಅರ್ಧ ಎಣ್ಣೆ ಅಲ್ಲೇ ಇಳಿಯುತ್ತದೆ.

ಕಾವು 175ರಿಂದ 180 ಡಿಗ್ರಿ. ಥರ್ಮಾಮೀಟರ್ ಇಲ್ಲದಿದ್ದರೆ ನಾಲ್ಕು ಕಾಳು ರವೆ ಉದುರಿಸಿ. ತಳಕ್ಕೆ ಹೋಗಿ ಕೂತರೆ ಇನ್ನೂ ಕಾಯಬೇಕು. ಬಿದ್ದ ಕೂಡಲೇ ಕಪ್ಪಾದರೆ ಉರಿ ಇಳಿಸಿ. ಸುತ್ತ ಗುಳ್ಳೆ ಎದ್ದು, ಕೆಂಪಾಗಲು ಸ್ವಲ್ಪ ಹೊತ್ತು ಹಿಡಿದರೆ ಅದೇ ಹದ. ಕಾವು ಕಮ್ಮಿಯಾದರೆ ಹಬೆಗೆ ತಳ್ಳುವ ಶಕ್ತಿ ಇರುವುದಿಲ್ಲ, ಹಿಟ್ಟು ಗಟ್ಟಿಯಾಗುವ ಮೊದಲೇ ಎಣ್ಣೆ ಒಳಗೆ ಹೋಗುತ್ತದೆ. ಎಂಟು ಹೋಳು ಒಟ್ಟಿಗೆ ಹಾಕಿದರೂ ಆಗುವುದು ಇದೇ. ಅಷ್ಟು ತಣ್ಣನೆಯ ನೀರು ಒಮ್ಮೆಗೇ ಬಿದ್ದರೆ ಎಣ್ಣೆಯ ಕಾವು ಕುಸಿಯುತ್ತದೆ. ಮೂರು, ಹೆಚ್ಚೆಂದರೆ ನಾಲ್ಕು ಹಾಕಿ. ನೆಂಟರು ಕೂತಿದ್ದಾರೆ ಅಂತ ಅವಸರ ಮಾಡಿದ ದಿನ ನನ್ನದು ಯಾವತ್ತೂ ಕೈಕೊಟ್ಟಿದೆ.

ಹೋಳು ಅರ್ಧ ಮುಳುಗುವಷ್ಟು ಎಣ್ಣೆ ಸಾಕು, ಹಪ್ಪಳ ಕರಿಯುವಷ್ಟು ಬೇಡ. ಒಂದು ಕಡೆಗೆ ಎರಡೂವರೆ ನಿಮಿಷ. ನಡುವೆ ಮುಟ್ಟಬಾರದು, ರವೆ ಕಚ್ಚಿಕೊಳ್ಳುವ ಮೊದಲು ಮಗುಚಿದರೆ ಬಾಣಲೆಯಲ್ಲೇ ಉಳಿಯುತ್ತದೆ. ಕಿವಿ ಕೊಟ್ಟು ಕೇಳಿ. ಮೊದಲು ಚುಂಯ್ ಅಂತ ಜೋರು ಸದ್ದು, ದೊಡ್ಡ ಗುಳ್ಳೆ. ಆಮೇಲೆ ಸದ್ದು ಇಳಿದು ಸಣ್ಣ ಗುಳ್ಳೆಗಳಾಗುತ್ತವೆ. ಹೊರಪದರದ ನೀರು ಮುಗಿಯುತ್ತಾ ಬಂತು ಅಂತ ಅರ್ಥ. ನೀರು ಮುಗಿದ ಮೇಲೆ ಆ ಪದರದ ಕಾವು 100 ಡಿಗ್ರಿ ದಾಟಿ ಏರುತ್ತದೆ, ಹೊಂಬಣ್ಣವೂ ಹುರಿದ ಪರಿಮಳವೂ ಬರುವುದು ಆಗಲೇ. ಒಳಗೆ ಇನ್ನೂ ನೀರಿರುವುದರಿಂದ ಕಾಯಿ 100 ದಾಟುವುದಿಲ್ಲ, ತನ್ನ ರಸದಲ್ಲೇ ಬೇಯುತ್ತಿರುತ್ತದೆ. ಒಂದೇ ಹೋಳಲ್ಲಿ ಹೊರಗೆ ಕರಿಯುವುದು, ಒಳಗೆ ಬೇಯಿಸುವುದು.

ಎಣ್ಣೆ ಯಾವುದು? ಗಾಣದ ಕೊಬ್ಬರಿ ಎಣ್ಣೆಯ ಪರಿಮಳ ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಆದರೆ ಅದು ಸುಮಾರು 175 ಡಿಗ್ರಿಗೇ ಹೊಗೆಯಾಡಲು ಶುರು, ನಮಗೆ ಬೇಕಾದ ಕಾವೂ ಅಷ್ಟೇ. ರಿಫೈನ್ಡ್ ಸೂರ್ಯಕಾಂತಿಯೋ ಶೇಂಗಾ ಎಣ್ಣೆಯೋ ಹಾಕಿ, ಪರಿಮಳಕ್ಕೆ ನಾಲ್ಕು ಕರಿಬೇವು ಬಿಡಿ.

ಬಾಣಲೆ ಹೇಗಿರಬೇಕು ಅಂತ ಜಾಸ್ತಿ ತಲೆಕೆಡಿಸಿಕೊಳ್ಳಬೇಡಿ. ಬೀಡಿನದು ಇದ್ದರೆ ಕಾವು ಹಿಡಿದಿಡುತ್ತದೆ, ಇಲ್ಲದಿದ್ದರೆ ಇದ್ದದ್ದು.

ಕರಿದಾದ ಮೇಲೆ ಎಲ್ಲಿ ಇಡುತ್ತೀರಿ ಅನ್ನುವುದು ಕರಿದಷ್ಟೇ ಮುಖ್ಯ. ನಾವು ಮಾಡುವುದು ಹಳೆ ಪೇಪರ್ ಹರವಿ ಅದರ ಮೇಲೆ ಸುರಿಯುವುದು. ಮುದ್ರಣದ ಶಾಯಿ ಆಹಾರಕ್ಕೆ ಸೇರುತ್ತದೆ, ಹಾಗೆ ಮಾಡಬೇಡಿ ಅಂತ ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲೇ ಹೇಳಿದೆ. ಶಾಯಿ ಇರದ ಕಾಗದವಾದರೂ ಇನ್ನೊಂದು ತೊಂದರೆ ಇದೆ. ಹೋಳು ಒಳಗಿನಿಂದ ಹಬೆ ಬಿಡುತ್ತಲೇ ಇರುತ್ತದೆ. ಕೆಳಗೆ ಕಾಗದ ಒತ್ತಿಕೊಂಡಿದ್ದರೆ ಆ ಹಬೆ ಅಲ್ಲೇ ನೀರಾಗಿ ತಳದ ಪದರಕ್ಕೆ ಸೇರುತ್ತದೆ. ಮೇಲೆ ಗರಿಗರಿ, ಕೆಳಗೆ ಮೆತ್ತಗೆ. ಹಾಗಾಗಿ ಕೆಳಗಿನಿಂದ ಗಾಳಿ ಆಡುವ ಜಾಗ ಬೇಕು. ಕಂಬಿಯ ಜಾಲರಿ ಇದ್ದರೆ ಒಳ್ಳೆಯದು. ನಮ್ಮ ಮನೆಯಲ್ಲಿ ಅನ್ನ ಬಸಿಯುವ ಬಿದಿರಿನ ಸಿಬ್ಬಲು ಇದೆ, ಅದನ್ನು ಪಾತ್ರೆಯ ಬಾಯಿಗೆ ಅಡ್ಡ ಇಟ್ಟು ಅದರ ಮೇಲೆ ಹೋಳುಗಳನ್ನು ಬಿಡಿಬಿಡಿಯಾಗಿ ಇಡುತ್ತೇವೆ.

ಬೆಂಗಳೂರಿನಲ್ಲಿ ಇದು ಇಪ್ಪತ್ತು ನಿಮಿಷ ಗರಿಗರಿ ಇದ್ದರೆ ನಮ್ಮಲ್ಲಿ ಜುಲೈನಲ್ಲಿ ಹತ್ತು ನಿಮಿಷ ಇದ್ದರೆ ದೊಡ್ಡದು. ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ ಬೀಳುವ ಆಗುಂಬೆಯಲ್ಲಿ ಅದೂ ಇಲ್ಲವೇನೋ. ಕರಿದ ಹೊರಪದರ ಒಂದು ರೀತಿಯಲ್ಲಿ ಗಾಜಿನ ಹಾಗೆ. ನೀರಿಲ್ಲದೆ ಗಟ್ಟಿಯಾಗಿ ನಿಂತ ಪಿಷ್ಟ, ಅದಕ್ಕೇ ಸದ್ದು ಮಾಡಿ ಮುರಿಯುತ್ತದೆ. ಸ್ವಲ್ಪ ನೀರು ಸೇರಿದರೂ ರಬ್ಬರಿನ ಗುಣಕ್ಕೆ ತಿರುಗುತ್ತದೆ. ಒಳಗಿನ ಕಾಯಿಯಿಂದಲೂ ನೀರು, ಹೊರಗಿನ ಗಾಳಿಯಿಂದಲೂ ನೀರು. ಇದಕ್ಕೆ ನನಗೆ ಗೊತ್ತಿರುವ ಉಪಾಯ ಒಂದೇ: ತಿನ್ನುವವರನ್ನು ಮೊದಲು ಕೂರಿಸಿ, ಆಮೇಲೆ ಕರಿಯಿರಿ. ಸ್ಟೀಲ್ ಡಬ್ಬಿಗೆ ಬಿಸಿಯಾಗಿ ತುಂಬಿ ಮುಚ್ಚಳ ಹಾಕಿದರೆ ಹತ್ತಿರದ ಮನೆಗೆ ಕೊಟ್ಟು ಬರುವಷ್ಟರಲ್ಲಿ ಪಲ್ಯವಾಗಿರುತ್ತದೆ. ಉಳಿದದ್ದನ್ನು ಒಣ ಕಾವಲಿ ಮೇಲೆ ಸಣ್ಣ ಉರಿಯಲ್ಲಿ ಎರಡೂ ಕಡೆ ಬಿಸಿಮಾಡಿ. ಮೊದಲಿನ ಹಾಗೆ ಅಲ್ಲದಿದ್ದರೂ ಮುಕ್ಕಾಲು ಪಾಲು ವಾಪಸ್ ಬರುತ್ತದೆ. ಮೈಕ್ರೋವೇವ್ ಒಳಗಿನ ನೀರನ್ನೇ ಬಿಸಿಮಾಡಿ ಹೊರಗೆ ಕಳಿಸುತ್ತದೆ, ಅದರ ಹತ್ತಿರ ಹೋಗಬೇಡಿ.

ಜೊತೆಗೆ ಸಾಸ್ ಬೇಕಿಲ್ಲ, ಕಾಯೇ ಹುಳಿ. ಗಟ್ಟಿ ಮೊಸರಿಗೆ ಹಸಿಮೆಣಸು, ಉಪ್ಪು, ಚೂರು ಬೆಲ್ಲ ಕಲಸಿದರೆ ಸಾಕು. ಊಟಕ್ಕಾದರೆ ಅನ್ನ, ಒಂದೆಲಗದ ತಂಬುಳಿ, ಪಕ್ಕಕ್ಕೆ ಇದು.

ಎರಡನೇ ಸಲ ಮಾಡಿದ ದಿನ ದೊಡ್ಡಮ್ಮ ಒಲೆಯ ಹತ್ತಿರವೇ ಮಣೆ ಹಾಕಿಕೊಂಡು ಕೂತರು. ಮೊದಲ ಹೋಳು ಕಚ್ಚಿದ ಸದ್ದು ಮಳೆಯ ನಡುವೆಯೂ ಕೇಳಿತು. ಏನೂ ಹೇಳಲಿಲ್ಲ. ನಾಲ್ಕನೆಯದು ಎತ್ತಿಕೊಳ್ಳುವಾಗ ಕೇಳಿದರು: ‘ಗಿಡದಲ್ಲಿ ಇನ್ನೆಷ್ಟಿದೆಯಾ?’